ಗುಡಾಣದಿಂದ ಸೀಸೆಗೆ: ದ್ರಾಕ್ಷಾರಸವನ್ನು ಕಾಪಿಟ್ಟ ಕಥೆ

ದ್ರಾಕ್ಷಾರಸ ಹಳೆಯದಾದಷ್ಟೂ ಉತ್ತಮ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಪವಿತ್ರ ಗ್ರಂಥವೂ ಅದಕ್ಕೆ ಸಾಕ್ಷಿ ನುಡಿಯುವಂತೆ ಕಾಣುತ್ತದೆ. ಹೊಸ ಗೆಳೆಯನನ್ನು ಹೊಸ ದ್ರಾಕ್ಷಾರಸಕ್ಕೆ ಹೋಲಿಸುವ ಸಿರಾಖನು, ಅದು ಹಳೆಯದಾದ ಮೇಲೆ ಸಂತೋಷದಿಂದ ಕುಡಿಯಬಹುದೆನ್ನುತ್ತಾನೆ (9:10). ಹಳೆಯದರ ರುಚಿ ಕಂಡವರು ಹೊಸದನ್ನು ಬಯಸರೆಂದು ಪ್ರಭು ಯೇಸು ನುಡಿದುದನ್ನು ಸಂತ ಲೂಕರು ದಾಖಲಿಸಿದ್ದಾರೆ (5:39). ಆದರೆ ಕ್ರಿಸ್ಮಸ್ಸಿಗೆಂದು ಮಾಡಿದ ದ್ರಾಕ್ಷಾರಸದಲ್ಲಿ ಅರ್ಧ ಸೀಸೆಯನ್ನು ಪಾಸ್ಖ ಹಬ್ಬದವರೆಗೆ ಅಡುಗೆಮನೆಯ ಕಪಾಟಿನಲ್ಲಿ ಉಳಿಸಿ ನೋಡಿದ ಗೃಹಿಣಿಯ ಅನುಭವ ಬೇರೆಯೇ ಆಗಿರುತ್ತದೆ. ಬಿರಡೆ ತೆಗೆದೊಡನೆ ಮೂಗಿಗೆ ಬಡಿಯುವುದು ಹುಳಿಯ ವಾಸನೆ.

ಈ ಎರಡು ಅನುಭವಗಳಲ್ಲಿ ಯಾವುದೂ ಸುಳ್ಳಲ್ಲ. ಕಾಲವು ದ್ರಾಕ್ಷಾರಸವನ್ನು ಪಕ್ವಗೊಳಿಸಲೂ ಬಲ್ಲದು, ಕೆಡಿಸಲೂ ಬಲ್ಲದು. ಯಾವುದು ನಡೆಯುವುದೆಂಬುದು ಬಹುಮಟ್ಟಿಗೆ ಕಾಪಿಡುವ ಬಗೆಯನ್ನು ಅವಲಂಬಿಸಿದೆ. ಧರ್ಮಸಭೆಗಂತೂ ಇದು ಕೇವಲ ರುಚಿಯ ಪ್ರಶ್ನೆಯಲ್ಲ. ಬಲಿಪೂಜೆಗೆ ಬಳಸುವ ದ್ರಾಕ್ಷಾರಸವು ದ್ರಾಕ್ಷಿಯ ಹಣ್ಣಿನಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಆಜ್ಞಾಪಿಸುತ್ತದೆ. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ, 1570ರ ಪೂಜಾಗ್ರಂಥವು ಇನ್ನೂ ನಿಷ್ಠುರವಾಗಿ, ಪೂರ್ತಿಯಾಗಿ ಹುಳಿಯಾದ ರಸದಿಂದ ಸಂಸ್ಕಾರವೇ ನೆರವೇರುವುದಿಲ್ಲವೆಂದು ತಿಳಿಸಿತ್ತು. ಹಾಗಾಗಿ ಪೀಪಾಯಿಯನ್ನೋ ಸೀಸೆಯನ್ನೋ ಕಾಯುವ ಕೆಲಸ ಪೀಠದ ಸೇವೆಯ ಒಂದು ಭಾಗವೇ ಆಗಿತ್ತು.

ಶತ್ರು ಯಾರೆಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು. ಗಾಳಿಯ ಸಂಪರ್ಕವಾದಾಗ ಒಂದು ಬಗೆಯ ಸೂಕ್ಷ್ಮಾಣುಗಳು ಮದ್ಯಸಾರವನ್ನು ಹುಳಿಯ ಆಮ್ಲವನ್ನಾಗಿ ಪರಿವರ್ತಿಸುತ್ತವೆ. ಸೆಕೆ ಈ ಕೆಲಸವನ್ನು ತೀವ್ರಗೊಳಿಸುತ್ತದೆ. ಆದ್ದರಿಂದ ಗಾಳಿಯನ್ನು ಹೊರಗಿಡುವುದು, ತಂಪನ್ನು ಒಳಗಿಡುವುದು, ಇವೆರಡರ ಸುತ್ತಲೇ ಈ ಇತಿಹಾಸವೆಲ್ಲ ಸುತ್ತುತ್ತದೆ.

ಇದರ ಆರಂಭ ಅರಮನೆಯಲ್ಲಿ ಆಗಲಿಲ್ಲ, ಅಡುಗೆಮನೆಯಲ್ಲಿ ಆಯಿತೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ವಾಯವ್ಯ ಇರಾನಿನ ಹಜ್ಜಿ ಫಿರೂಜ್ ಎಂಬ ದಿಬ್ಬದಲ್ಲಿ ಕ್ರಿ.ಪೂ. 5400ರಿಂದ 5000ದ ಅವಧಿಯ ಒಂದು ಮಣ್ಣಿನ ಮನೆಯನ್ನು ಉತ್ಖನನಕಾರರು ಬಗೆದರು. ಅದರ ಅಡುಗೆಮನೆಯ ಗೋಡೆಯ ಉದ್ದಕ್ಕೂ ಆರು ಗಡಿಗೆಗಳನ್ನು ನೆಲದಲ್ಲಿ ಹೂಳಲಾಗಿತ್ತು. ಒಂದೊಂದರಲ್ಲೂ ಸುಮಾರು 9 ಲೀಟರ್ ಹಿಡಿಯುತ್ತಿತ್ತು. ಅವುಗಳ ತಳದಲ್ಲಿ ಅಂಟಿದ್ದ ಕರೆಯನ್ನು ಪ್ಯಾಟ್ರಿಕ್ ಮೆಕ್‌ಗವರ್ನ್ ಮತ್ತು ಸಂಗಡಿಗರು ಪರೀಕ್ಷಿಸಿ, ಅದು ದ್ರಾಕ್ಷಿಯ ಆಮ್ಲವೆಂದು 1996ರಲ್ಲಿ ಪ್ರಕಟಿಸಿದರು. ಅದರೊಡನೆ ಮರದ ರಾಳವೂ ಬೆರೆತಿತ್ತು. ರಾಳ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಗಡಿಗೆಗಳ ಬಾಯಿಗೆ ಹೊಂದುವ ಮಣ್ಣಿನ ಬಿರಡೆಗಳೂ ಹತ್ತಿರದಲ್ಲೇ ದೊರೆತವು. ಓದು ಬರಹವಿನ್ನೂ ಹುಟ್ಟದ ಆ ಕಾಲದ ತಾಯಿಯೊಬ್ಬಳಿಗೆ ಗಾಳಿಯ ಗುಟ್ಟು ತಿಳಿದಿತ್ತೆಂದಾಯಿತು.

ಜಾರ್ಜಿಯಾ ದೇಶದಲ್ಲಿ ಈ ವಿದ್ಯೆ ಇಂದಿಗೂ ಬದುಕಿದೆ. ಅಲ್ಲಿನ ರೈತರು ಕ್ವೆವ್ರಿ ಎಂಬ ಮೊಟ್ಟೆಯಾಕಾರದ ದೊಡ್ಡ ಗುಡಾಣವನ್ನು ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರೆ. ಒಳಮೈಗೆ ಜೇನುಮೇಣ ಸವರಿ, ರಸ ತುಂಬಿ, ಬಾಯಿಗೆ ಮುಚ್ಚಳವಿಟ್ಟು ಭದ್ರವಾಗಿ ಮೆತ್ತುತ್ತಾರೆ. ಹೊರಗೆ ಬಿಸಿಲಿರಲಿ, ಹಿಮವಿರಲಿ, ನೆಲದೊಳಗಿನ ತಂಪು ಹೆಚ್ಚು ಏರುಪೇರಾಗುವುದಿಲ್ಲ. ಗುಡಾಣಗಳಿರುವ ಕೋಣೆಗೆ ಮರಾನಿ ಎಂದು ಹೆಸರು. ಮನೆಯಲ್ಲಿ ಅತ್ಯಂತ ಪವಿತ್ರವಾದ ಸ್ಥಳವೆಂದು ಅದನ್ನು ಗೌರವಿಸುತ್ತಾರೆ. 2013ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಪವಿತ್ರ ನಾಡಿಗೆ ಬರೋಣ. ಯೆಹೋಶುವನ ಗ್ರಂಥದ 9ನೆಯ ಅಧ್ಯಾಯದಲ್ಲಿ ಗಿಬ್ಯೋನಿನವರು ಮಾಡಿದ ಉಪಾಯ ಓದುಗರಿಗೆ ನೆನಪಿರಬಹುದು. ದೂರದ ದೇಶದಿಂದ ಬಂದವರಂತೆ ನಟಿಸಲು ಅವರು ಹರಿದು ಹೊಲಿದ ಹಳೆಯ ಬುದ್ದಲಿಗಳನ್ನು, ಅಂದರೆ ದ್ರಾಕ್ಷಾರಸದ ತೊಗಲಿನ ಚೀಲಗಳನ್ನು, ಕತ್ತೆಗಳ ಮೇಲೆ ಹೇರಿಕೊಂಡು ಬಂದರು. ತುಂಬಿಸಿದಾಗ ಇವು ಹೊಸವಾಗಿದ್ದವೆಂದು ಯೆಹೋಶುವನನ್ನು ನಂಬಿಸಿದರು. ಇದೇ ಗಿಬ್ಯೋನ್, ಯೆರೂಸಲೇಮಿನ ವಾಯವ್ಯಕ್ಕಿರುವ ಎಲ್‌-ಜಿಬ್ ಎಂಬ ಹಳ್ಳಿ. 1956ರಿಂದ 1962ರ ನಡುವೆ ಅಮೆರಿಕದ ಜೇಮ್ಸ್ ಪ್ರಿಚರ್ಡ್ ಅಲ್ಲಿ ಅಗೆದಾಗ, ಊರ ಹೆಸರನ್ನು ಕೊರೆದ ಗಡಿಗೆಯ ಹಿಡಿಕೆಗಳು ಹತ್ತಾರು ಸಿಕ್ಕವು. ಜೊತೆಗೆ ಬಂಡೆಯಲ್ಲಿ ಕೊರೆದ 63 ಕುಳಿಗಳೂ ಬೆಳಕಿಗೆ ಬಂದವು. ಬಾಯಿ ಕಿರಿದು, ಒಡಲು ಅಗಲ, ಆಳ ಎರಡು ಮೀಟರಿಗೂ ಮಿಗಿಲು. ಬಯಲುಸೀಮೆಯ ನಮ್ಮ ಹಿರಿಯರು ಜೋಳ ತುಂಬಿಸುತ್ತಿದ್ದ ಹಗೇವನ್ನು ನೋಡಿದವರಿಗೆ ಈ ಆಕಾರ ಅಪರಿಚಿತವಲ್ಲ. ಗಿಬ್ಯೋನಿನವರು ಇವುಗಳಲ್ಲಿ ದ್ರಾಕ್ಷಾರಸದ ಗಡಿಗೆಗಳನ್ನು ಇಳಿಸಿ ಬಾಯಿಗೆ ಚಪ್ಪಡಿ ಮುಚ್ಚುತ್ತಿದ್ದರು. ಒಳಗಿನ ಉಷ್ಣಾಂಶ ಸುಮಾರು 18 ಡಿಗ್ರಿಯಲ್ಲೇ ನಿಲ್ಲುತ್ತಿತ್ತು. ಕ್ರಿ.ಪೂ. 8 ಮತ್ತು 7ನೆಯ ಶತಮಾನಗಳ ಕೆಲಸವಿದು. ಮೋಸಕ್ಕೆ ಹಳೆಯ ಬುದ್ದಲಿ ಬಳಸಿದ ಊರಿನ ಜನ ಮುಂದೆ ಕಾಪಿಡುವುದರಲ್ಲಿ ನಿಪುಣರಾದರು.

ಬುದ್ದಲಿಯು ಪ್ರಯಾಣದ ಪಾತ್ರೆ, ವರ್ಷಗಟ್ಟಲೆ ಇಡುವ ಪಾತ್ರೆಯಲ್ಲ. ಹೊಸ ರಸ ಹುದುಗುವಾಗ ಹೊಮ್ಮುವ ಅನಿಲಕ್ಕೆ ಹೊಸ ತೊಗಲು ಹಿಗ್ಗುತ್ತದೆ. ಒಣಗಿ ಬಿರುಸಾದ ಹಳೆಯ ತೊಗಲು ಬಿರಿಯುತ್ತದೆ. ಪ್ರಭುವಿನ ಸಾಮತಿ ನಿಂತಿರುವುದು ಈ ಗೃಹಜ್ಞಾನದ ಮೇಲೆ. ಪ್ರವಾದಿ ಯೆರೆಮೀಯನೂ ಅಂಥದೇ ಜ್ಞಾನವನ್ನು ಬಳಸಿ, ಮೋವಾಬ್ ನಾಡನ್ನು ಪಾತ್ರೆಯಿಂದ ಪಾತ್ರೆಗೆ ಬಗ್ಗಿಸದೆ ಗಸಿಯ ಮೇಲೆಯೇ ಉಳಿದ ದ್ರಾಕ್ಷಾರಸಕ್ಕೆ ಹೋಲಿಸಿದ್ದಾನೆ (48:11). ತಿಳಿಯನ್ನು ಬಗ್ಗಿಸಿ ಗಸಿಯನ್ನು ಬೇರ್ಪಡಿಸುವ ಕೆಲಸವನ್ನು ಇಂದಿನ ತಯಾರಕರೂ ಮಾಡುತ್ತಾರೆ.

ಹಳೆಯ ದ್ರಾಕ್ಷಾರಸವನ್ನು ಪ್ರತಿಷ್ಠೆಯ ವಸ್ತುವನ್ನಾಗಿ ಮಾಡಿದವರಲ್ಲಿ ರೋಮನರು ಮುಖ್ಯರು. ಒಳಗೆ ರಾಳ ಸವರಿದ ಮಣ್ಣಿನ ಕೊಡಗಳಲ್ಲಿ ರಸ ತುಂಬಿ, ಬಾಯಿ ಬಿಗಿದು, ಆ ವರ್ಷದ ಕಾನ್ಸಲ್‌ಗಳ ಹೆಸರನ್ನು ಅದರ ಮೇಲೆ ಬರೆಯುತ್ತಿದ್ದರು. ಒಪಿಮಿಯುಸ್ ಕಾನ್ಸಲ್ ಆಗಿದ್ದ ಕ್ರಿ.ಪೂ. 121ರ ಬೆಳೆ ಅತ್ಯಂತ ಪ್ರಸಿದ್ಧವಾಯಿತು. ಸುಮಾರು ಇನ್ನೂರು ವರ್ಷಗಳ ಬಳಿಕ ಬರೆದ ಪ್ಲಿನಿ, ಅದರಲ್ಲಿ ಉಳಿದದ್ದು ಕಹಿ ಜೇನಿನಂಥ ಗಟ್ಟಿ ಪದಾರ್ಥವಾಗಿದೆ, ಅದನ್ನು ಹಾಗೆಯೇ ಕುಡಿಯಲಾಗದು ಎಂದು ವರದಿ ಮಾಡುತ್ತಾನೆ. ಆದರೂ ಅದಕ್ಕೆ ಬೆಲೆ ಇತ್ತು. ಪೆಟ್ರೋನಿಯುಸನ ಕಥೆಯಲ್ಲಿ ಹೊಸ ಶ್ರೀಮಂತ ಟ್ರಿಮಾಲ್ಕಿಯೋ ಅತಿಥಿಗಳ ಮುಂದೆ ಒಪಿಮಿಯುಸನ ಕಾಲದ್ದೆಂಬ ಪಾತ್ರೆಗಳನ್ನು ತರಿಸುತ್ತಾನೆ. ಚೀಟಿಯಲ್ಲಿ ನೂರು ವರ್ಷ ಹಳೆಯದೆಂದು ಬರೆದಿದೆ. ಲೆಕ್ಕ ಹಾಕಿದರೆ ಆಗ ಅದಕ್ಕೆ ನೂರೆಂಬತ್ತರ ಆಸುಪಾಸಾಗಬೇಕು! ಚೀಟಿಯನ್ನು ನಂಬಿ ಹಣ ಚೆಲ್ಲುವವರು ಎಲ್ಲ ಕಾಲದಲ್ಲೂ ಇದ್ದಾರೆ. ಇನ್ನು ಕೆಲವರು ಕೊಡಗಳನ್ನು ಹೊಗೆಯ ಅಟ್ಟದಲ್ಲಿಟ್ಟು ಬೇಗ ಮುದಿಯಾಗಿಸುತ್ತಿದ್ದರು. ಮಾರ್ಸೇಯ ಪಟ್ಟಣದ ಹೊಗೆನಾತದ ರಸವನ್ನು ಕವಿ ಮಾರ್ಷಿಯಲ್ ಗೇಲಿ ಮಾಡಿದ್ದಾನೆ.

ರೋಮನರ ಕಾಲದ ಒಂದು ಸೀಸೆ ಜರ್ಮನಿಯ ಸ್ಪೈಯರ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. 4ನೆಯ ಶತಮಾನದ ಈ ಸೀಸೆ 1867ರಲ್ಲಿ ಒಂದು ಸಮಾಧಿಯಲ್ಲಿ ದೊರೆಯಿತು. ಅದರೊಳಗಿನ ದ್ರವ ಇನ್ನೂ ಆರಿಲ್ಲ. ತುಂಬಿಸಿದವರು ರಸದ ಮೇಲೆ ಆಲಿವ್ ಎಣ್ಣೆಯನ್ನು ಸುರಿದು ಮೇಣ ಮೆತ್ತಿದ್ದೇ ಇದಕ್ಕೆ ಕಾರಣ. ಉಪ್ಪಿನಕಾಯಿ ಭರಣಿಯಲ್ಲಿ ಹೋಳು ಮುಳುಗುವಷ್ಟು ಎಣ್ಣೆ ನಿಲ್ಲಬೇಕೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದೂ ಇದೇ ತತ್ತ್ವವನ್ನು.

ಇಷ್ಟೆಲ್ಲ ಸಾಧಿಸಿದ ಮೇಲೆ ಯುರೋಪು ಈ ವಿದ್ಯೆಯನ್ನು ಬಹುಪಾಲು ಕಳೆದುಕೊಂಡಿತೆಂದರೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣ ಮರದ ಪೀಪಾಯಿ. ಗಾಲ್ ಪ್ರದೇಶದವರ ಈ ಪಾತ್ರೆ ಮಣ್ಣಿನ ಕೊಡದಂತೆ ಒಡೆಯುವುದಿಲ್ಲ, ಉರುಳಿಸಿಕೊಂಡು ಹೋಗಬಹುದು. ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಅದು ಕೊಡವನ್ನು ಹಿಂದಿಕ್ಕಿತು. ಆದರೆ ಮರ ಉಸಿರಾಡುತ್ತದೆ. ಒಳಗಿನ ರಸ ಆವಿಯಾಗುತ್ತದೆ, ತೆರವಾದ ಜಾಗಕ್ಕೆ ಗಾಳಿ ಸೇರುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಹಿಂಡಿಕೊಂಡ ಪೀಪಾಯಿಯ ಕೊನೆಯ ಪಾಲು ಹುಳಿಯೇ. ಹೀಗಾಗಿ ಮಧ್ಯಯುಗದಲ್ಲಿ ಬೆಲೆ ತಲೆಕೆಳಗಾಯಿತು. ಶರತ್ಕಾಲದಲ್ಲಿ ಬೋರ್ಡೊ ಹಡಗುಗಳು ಹೊಸ ರಸವನ್ನು ಹೊತ್ತು ಇಂಗ್ಲೆಂಡಿಗೆ ಬಂದೊಡನೆ ಹಿಂದಿನ ವರ್ಷದ ಸರಕಿನ ಬೆಲೆ ಕುಸಿಯುತ್ತಿತ್ತು.

ಪೀಪಾಯಿಗಳ ಆ ಕಾಲದಲ್ಲಿ ಬಲಿಪೂಜೆಗೂ ಊಟಕ್ಕೂ ಬೇಕಾದ ದ್ರಾಕ್ಷಾರಸವನ್ನು ವರ್ಷದುದ್ದಕ್ಕೂ ಕೆಡದಂತೆ ಕಾಯುವ ಹೊಣೆ ಮಠಗಳ ಮೇಲಿತ್ತು. 6ನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 31ನೆಯ ಅಧ್ಯಾಯವನ್ನು ಪೂರ್ತಿಯಾಗಿ ಮಠದ ಉಗ್ರಾಣಿಗೆ ಮೀಸಲಿಟ್ಟಿದ್ದಾರೆ. ಉಗ್ರಾಣದ ಪಾತ್ರೆಪದಾರ್ಥಗಳನ್ನೆಲ್ಲ ಆತನು ಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂಬುದು ಅಲ್ಲಿನ ವಿಧಿ. ದ್ರಾಕ್ಷಾರಸದ ಬಗ್ಗೆ ಸಂತರಿಗೆ ಭ್ರಮೆಯೇನೂ ಇರಲಿಲ್ಲ. ಸನ್ಯಾಸಿಗಳಿಗೆ ಅದು ಸಲ್ಲದೆಂದು ಬಲ್ಲವರಾದರೂ, ತಮ್ಮ ಕಾಲದವರನ್ನು ಒಪ್ಪಿಸಲಾಗದೆಂದು ಕಂಡು, 40ನೆಯ ಅಧ್ಯಾಯದಲ್ಲಿ ದಿನಕ್ಕೊಂದು ಚಿಕ್ಕ ಅಳತೆಯನ್ನು ನಿಗದಿ ಮಾಡಿದರು. ಕುಡಿತದಿಂದ ನಲುಗುತ್ತಿರುವ ನಮ್ಮ ಎಷ್ಟೋ ಕುಟುಂಬಗಳು ಈ ಅಧ್ಯಾಯವನ್ನು ಓದುವುದು ಒಳ್ಳೆಯದು. ಅದು ಬೇರೆಯೇ ಲೇಖನದ ವಿಷಯ.

ಉಗ್ರಾಣಿಗಳಲ್ಲಿ ಹೆಸರಾದವರು ಫ್ರಾನ್ಸಿನ ಓವಿಲೇರ್ ಮಠದ ದೊಮ್ ಪಿಯೇರ್ ಪೆರಿಞೋನ್. 1668ರಿಂದ 1715ರಲ್ಲಿ ಮಡಿಯುವವರೆಗೂ ಅವರು ಆ ಹೊಣೆ ಹೊತ್ತಿದ್ದರು. ನೊರೆಯುಕ್ಕುವ ಶಾಂಪೇನನ್ನು ಅವರೇ ಕಂಡುಹಿಡಿದರೆಂಬುದು 19ನೆಯ ಶತಮಾನದಲ್ಲಿ ಬೆಳೆದ ಕಟ್ಟುಕಥೆ. ವಾಸ್ತವದಲ್ಲಿ ಅವರಿಗೆ ನೊರೆ ಬೇಕಿರಲಿಲ್ಲ. ವಸಂತದಲ್ಲಿ ಮತ್ತೆ ಹುದುಗತೊಡಗುವ ರಸವನ್ನು ಶಾಂತವಾಗಿಡಲು ಅವರು ಶ್ರಮಿಸಿದರು.

ರೋಮನರ ಕೊಡಕ್ಕೆ ಸರಿಸಾಟಿಯಾದ ಪಾತ್ರೆ ದೊರೆತದ್ದು ಇಂಗ್ಲೆಂಡಿನಲ್ಲಿ, ಅದೂ ವಿಚಿತ್ರ ಕಾರಣದಿಂದ. ನೌಕಾಪಡೆಗೆ ಮರ ಸಾಲದಾಗಬಾರದೆಂದು ದೊರೆ ಮೊದಲನೆಯ ಜೇಮ್ಸ್ 1615ರಲ್ಲಿ ಗಾಜಿನ ಕುಲುಮೆಗಳಲ್ಲಿ ಸೌದೆ ಉರಿಸುವುದನ್ನು ನಿಷೇಧಿಸಿದ. ಕುಲುಮೆಯವರು ಕಲ್ಲಿದ್ದಲಿಗೆ ತಿರುಗಿದರು. ಶಾಖ ಏರಿತು, ಗಾಜು ಕಪ್ಪಾಗಿ ಗಟ್ಟಿಯಾಯಿತು. ಈ ಗಟ್ಟಿ ಸೀಸೆಯ ಕೀರ್ತಿ ಹೆಚ್ಚಾಗಿ ಸರ್ ಕೆನೆಲ್ಮ್ ಡಿಗ್ಬಿಗೆ ಸಲ್ಲುತ್ತದೆ. ಅವನು ಕಥೋಲಿಕ, ಅವನ ತಂದೆ 1606ರಲ್ಲಿ ಸಿಡಿಮದ್ದಿನ ಸಂಚಿಗಾಗಿ ಗಲ್ಲಿಗೇರಿದವನು. ಹೊಸ ಸೀಸೆಗೆ ಕಾರ್ಕಿನ ಬಿರಡೆ ಜೊತೆಯಾಯಿತು. ಮೊದಲು ಈರುಳ್ಳಿಯಂತೆ ಗುಂಡಗಿದ್ದ ಸೀಸೆ 18ನೆಯ ಶತಮಾನದಲ್ಲಿ ನೀಳವಾಯಿತು. ಆಗ ಅದನ್ನು ಮಲಗಿಸಿಡಲು ಸಾಧ್ಯವಾಯಿತು. ಮಲಗಿದ ಸೀಸೆಯಲ್ಲಿ ರಸ ಬಿರಡೆಯನ್ನು ತೋಯಿಸುತ್ತಿರುತ್ತದೆ. ತೊಯ್ದ ಕಾರ್ಕು ಕುಗ್ಗುವುದಿಲ್ಲ, ಗಾಳಿ ನುಗ್ಗುವುದಿಲ್ಲ. ಹೀಗೆ ಸಾವಿರಕ್ಕೂ ಮಿಕ್ಕ ವರ್ಷಗಳ ನಂತರ ಹಳೆಯ ದ್ರಾಕ್ಷಾರಸಕ್ಕೆ ಮತ್ತೆ ಮರ್ಯಾದೆ ಬಂತು. ಮನೆಯ ನೆಲಮಾಳಿಗೆಯಲ್ಲಿ ಸೀಸೆಗಳನ್ನು ಸಾಲಾಗಿ ಮಲಗಿಸುವ ವಾಡಿಕೆ ಬೆಳೆದದ್ದು ಇಲ್ಲಿಂದಲೇ.

ಇದೆಲ್ಲ ಏಕೆ ಹೀಗೆ ಎಂಬುದನ್ನು ವಿವರಿಸಿದವರು ಲೂಯಿ ಪಾಶ್ಚರ್. ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಕೋರಿಕೆಯಂತೆ ಅವರು 1863ರಿಂದ ದ್ರಾಕ್ಷಾರಸದ ಕೇಡುಗಳನ್ನು ಅಭ್ಯಸಿಸಿ 1866ರಲ್ಲಿ ಗ್ರಂಥ ಹೊರತಂದರು. ಗಾಜಿನ ಕೊಳವೆಗಳಲ್ಲಿ ಕೆಲವನ್ನು ರಸದಿಂದ ಪೂರ್ತಿ ತುಂಬಿ, ಕೆಲವನ್ನು ಅರ್ಧ ತುಂಬಿ, ಬಾಯಿ ಬೆಸೆದಿಟ್ಟರು. ತುಂಬಿದವು ಹೆಚ್ಚು ಬದಲಾಗಲಿಲ್ಲ, ಅರ್ಧದವು ಬೇಗ ಮುದಿಯಾದವು. ಗಾಳಿ ಒಮ್ಮೆಗೇ ನುಗ್ಗಿದರೆ ಕೇಡು, ಹನಿಹನಿಯಾಗಿ ಸೋಕಿದರೆ ಪಕ್ವತೆ ಎಂಬುದು ಅವರ ತೀರ್ಮಾನ. 50ರಿಂದ 60 ಡಿಗ್ರಿಯವರೆಗೆ ಕಾಯಿಸಿ ಸೂಕ್ಷ್ಮಾಣುಗಳನ್ನು ಕೊಲ್ಲುವ ವಿಧಾನವನ್ನೂ ತೋರಿಸಿಕೊಟ್ಟರು. ಇಂದು ಹಾಲಿನ ಪೊಟ್ಟಣದ ಮೇಲೆ ಕಾಣುವುದು ಅವರದೇ ಹೆಸರು.

ಬಿಸಿಲ ನಾಡುಗಳ ಕಷ್ಟ ಬೇರೆ ಬಗೆಯದು. ಪೋರ್ಚುಗೀಸರ ಮದೀರಾ ದ್ವೀಪದ ರಸ, ಹಡಗಿನಲ್ಲಿ ಉಷ್ಣವಲಯ ದಾಟಿ ಇಂಡಿಯಾದವರೆಗೆ ಹೋಗಿ ಮರಳಿದಾಗ ಇನ್ನಷ್ಟು ಸೊಗಸಾಗಿರುತ್ತಿತ್ತೆಂದು 18ನೆಯ ಶತಮಾನದಲ್ಲಿ ಹೆಚ್ಚು ಬೆಲೆ ಪಡೆಯಿತು. ಅದಕ್ಕೆ ದ್ರಾಕ್ಷಿಯ ಮದ್ಯಸಾರವನ್ನು ಬೆರೆಸುತ್ತಿದ್ದುದರಿಂದ ಅದು ಬದುಕಿತು. ಸಾಧಾರಣ ರಸವಾಗಿದ್ದರೆ ಬೆಂದುಹೋಗುತ್ತಿತ್ತು. ಪೂಜೆಯ ದ್ರಾಕ್ಷಾರಸಕ್ಕೂ ಇಂಥ ರಕ್ಷಣೆಯನ್ನು ರೋಮ್ 19ನೆಯ ಶತಮಾನದ ಕೊನೆಯ ದಶಕದಲ್ಲಿ ಅನುಮತಿಸಿತು. ಷರತ್ತುಗಳಿದ್ದವು: ಮದ್ಯಸಾರ ದ್ರಾಕ್ಷಿಯದೇ ಆಗಿರಬೇಕು, ಒಟ್ಟು ಪ್ರಮಾಣ ಶೇ. 18 ಮೀರಬಾರದು. 2004ರಲ್ಲಿ ರೋಮಿನಿಂದ ಬಂದ ಪರಮಪ್ರಸಾದ ಕುರಿತ ಸೂಚನೆಯೂ ದ್ರಾಕ್ಷಾರಸ ಹುಳಿಯಾಗದಂತೆ ಚೆನ್ನಾಗಿ ಕಾಪಿಡಬೇಕೆಂದು ಮತ್ತೆ ಒತ್ತಿ ಹೇಳಿತು.

ನಮ್ಮ ಮನೆಗಳ ಮಾತು ಉಳಿಯಿತು. ಬಲ್ಲವರು ಹೇಳುವ ಆದರ್ಶ ಉಷ್ಣಾಂಶ 12-13 ಡಿಗ್ರಿ. ಅದಕ್ಕಿಂತ ಮುಖ್ಯ, ಅದು ಏರಿಳಿಯಬಾರದು. ಬೆಳಕು ಬೀಳಬಾರದು, ಸೀಸೆ ಅಲುಗಬಾರದು. ನಲವತ್ತು ಡಿಗ್ರಿ ದಾಟುವ ಕಲಬುರಗಿಯಲ್ಲಾಗಲಿ, ಬೆವರಿಳಿಸುವ ಮಂಗಳೂರಿನಲ್ಲಾಗಲಿ ಷೋಕೇಸಿನಲ್ಲಿ ನಿಲ್ಲಿಸಿದ ಸೀಸೆ ಪಕ್ವವಾಗುತ್ತದೆಂದು ನಿರೀಕ್ಷಿಸಲಾಗದು. ಮಗಳ ಮದುವೆಗೆಂದು ವಿದೇಶದಿಂದ ತಂದ ಸೀಸೆಯನ್ನು ಮೊಮ್ಮಗುವಿನ ಜ್ಞಾನಸ್ನಾನದವರೆಗೆ ಫ್ರಿಜ್ಜಿನ ನೆತ್ತಿಯ ಮೇಲೆ ಇಡುವವರಿದ್ದಾರೆ. ಮನೆಯಲ್ಲಿ ಅದಕ್ಕಿಂತ ಬಿಸಿಯಾದ, ಅದಕ್ಕಿಂತ ಅದುರುವ ಜಾಗ ಸಿಗುವುದು ಕಷ್ಟ. ದಶಕಗಟ್ಟಲೆ ಬಾಳುವ ಒಗರು, ಹುಳಿ, ಬಲಗಳು ಕೆಲವೇ ದ್ರಾಕ್ಷಾರಸಗಳಿಗಿರುತ್ತವೆ. ಉಳಿದವನ್ನು ಒಂದೆರಡು ವರ್ಷಗಳಲ್ಲೇ ಮುಗಿಸುವುದು ಮೇಲು. ಮನೆಯಲ್ಲಿ ಮಾಡಿದ್ದಕ್ಕಂತೂ ಅಷ್ಟು ಆಯಸ್ಸೂ ಇಲ್ಲ.

ತೆರೆದ ಸೀಸೆಯಲ್ಲಿ ಅರ್ಧ ಉಳಿದರೆ, ಮನೆಯಲ್ಲಾಗಲಿ ಸಕ್ರಿಸ್ತಿಯಲ್ಲಾಗಲಿ, ಪಾಶ್ಚರರ ಕೊಳವೆಗಳನ್ನು ನೆನೆದು ಅದನ್ನು ಕಂಠದವರೆಗೆ ತುಂಬುವ ಚಿಕ್ಕ ಸೀಸೆಗೆ ಬಗ್ಗಿಸಿ, ಬಿರಡೆ ಬಿಗಿದು ಫ್ರಿಜ್ಜಿನಲ್ಲಿಡಬೇಕು. ರೋಮನರು ಕಾನ್ಸಲ್‌ಗಳ ಹೆಸರು ಬರೆದಂತೆ ತೆರೆದ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು ಅಂಟಿಸಿದರೆ, ಮುಂದಿನ ವಾರ ಅದನ್ನು ಕೈಗೆತ್ತಿಕೊಳ್ಳುವವರಿಗೆ ಊಹೆ ಮಾಡುವ ಕಷ್ಟ ತಪ್ಪುತ್ತದೆ.