ಬಡವಾದ ಮಗುವಿಗೆ ಇಂಗ್ಲಿಷಿನ ಹೆಸರುಗಳು

ಹೈದರಾಬಾದಿನ ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಇದೆ. ದೇಶದ ಜನ ಏನು ತಿನ್ನುತ್ತಾರೆ, ತಿಂದದ್ದು ಮೈಗೆ ಸಾಲುತ್ತದೆಯೇ ಎಂದು ನೋಡುವುದು ಅದರ ಕೆಲಸ. ಅದು ಶುರುವಾದದ್ದು ಮಾತ್ರ ನೀಲಗಿರಿಯಲ್ಲಿ. 1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಅಧ್ಯಯನಕ್ಕೆ ತೊಡಗಿದರು. ಆ ರೋಗದ ಹೆಸರು ಇಂಗ್ಲಿಷಿಗೆ ಸಿಂಹಳದಿಂದ ಬಂತು ಎನ್ನುತ್ತವೆ ನಿಘಂಟುಗಳು. ಅಲ್ಲಿ ‘ಬೆರಿ’ ಎಂದರೆ ಆಗದು, ಶಕ್ತಿಯಿಲ್ಲ. ಎರಡು ಸಲ ಹೇಳಿದ್ದು ಒತ್ತಿಗೆ. ಏಳಲಾಗದವರ ‘ಆಗದು, ಆಗದು’ ಎಂಬ ಮಾತೇ ವೈದ್ಯಕೀಯ ಪದವಾಗಿ, ಒಂದು ಸಂಸ್ಥೆಯ ಹುಟ್ಟಿಗೂ ಕಾರಣವಾಯಿತು.

ಇಂಗ್ಲಿಷಿನಲ್ಲಿ ನಿಶ್ಶಕ್ತಿಗೆ ಪದಗಳ ಕೊರತೆಯಿಲ್ಲ. ‘ವೀಕ್’ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅದರ ಹಿಂದೆ ಬಾಗುವ, ಬಳುಕುವ ಅರ್ಥವಿದೆ. ‘ಫ್ರೇಲ್’ ಲ್ಯಾಟಿನ್ನಿನದು, ಸುಲಭವಾಗಿ ಒಡೆಯುವಂಥದು. ‘ಫೀಬಲ್’ ಕೂಡ ಲ್ಯಾಟಿನ್ನಿನದೇ, ಕಂಡರೆ ಅಳು ಬರುವಂಥದು. ಮೂರೂ ದುರ್ಬಲನು ನೋಡುವವರಿಗೆ ಹೇಗೆ ಕಾಣುತ್ತಾನೆ ಎಂದು ಹೇಳುತ್ತವೆ. ಯಾಕೆ ಹಾಗಾದ ಎಂದು ಹೇಳುವುದಿಲ್ಲ. ನಾವು ದಿನಬಳಕೆಯಲ್ಲಿ ಆಡುವ ‘ಸುಸ್ತು’ ಪಾರಸಿಯಿಂದ ಬಂದ ಪದ. ಹೈದರಾಬಾದಿನ ಬೀದಿಯಲ್ಲಿ ಕೇಳುವ ‘ಕಮ್‌ಜೋರಿ’ಯಲ್ಲಿ ಇರುವುದು ನಮ್ಮ ‘ಜೋರು’ ಪದವೇ. ಇವೂ ಕಾರಣವನ್ನು ಮುಟ್ಟುವುದಿಲ್ಲ.

ಕಾರಣ ಹೇಳದ ಪದಕ್ಕೆ ಯಾವ ಕಾರಣವನ್ನು ಬೇಕಾದರೂ ಅಂಟಿಸಬಹುದು. ಬ್ರಿಟಿಷರ ಕಾಲದಲ್ಲಿ ಅಂಟಿಕೊಂಡದ್ದು ಜನಾಂಗ. ಕೆಲವು ಜಾತಿ, ಪ್ರಾಂತಗಳವರು ಹುಟ್ಟಿನಿಂದಲೇ ವೀರರು, ಮಿಕ್ಕವರು ಹುಟ್ಟಿನಿಂದಲೇ ಬಲಹೀನರು ಎಂಬ ನಂಬಿಕೆಯ ಮೇಲೆ ಸೈನ್ಯಕ್ಕೆ ಆಳುಗಳನ್ನು ಆರಿಸುತ್ತಿದ್ದರು. ಮೆಕ್ಯಾರಿಸನ್ ಕೂನೂರಿನಲ್ಲಿ ಇದಕ್ಕೆ ಬೇರೆ ಉತ್ತರ ಕಂಡರು. ಒಂದೇ ಬಗೆಯ ಇಲಿಗಳನ್ನು ಗುಂಪುಗಳಾಗಿ ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಸೀಮೆಯವರ ಊಟ ಹಾಕಿಸಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಯ ಸಿಖ್ಖರ ಊಟ ತಿಂದವು ಚೆನ್ನಾಗಿ ಬೆಳೆದವು. ಪಠಾಣರು, ಮರಾಠರು, ಗೂರ್ಖರು, ಆಮೇಲೆ ಕನ್ನಡಿಗರು, ಬಂಗಾಳಿಗಳು, ಕೊನೆಗೆ ಅನ್ನವೇ ಪ್ರಧಾನವಾದ ಮದರಾಸಿಗಳು, ಹೀಗೆ ಇಲಿಗಳ ತೂಕ ಇಳಿಯುತ್ತ ಹೋಯಿತು. ಇಲಿಗಳಿಗೆ ಜಾತಿಯಿರಲಿಲ್ಲ, ಪ್ರಾಂತವೂ ಇರಲಿಲ್ಲ. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ ಮಾತ್ರ.

ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಭಾಷಾವಾರು ಪ್ರಾಂತಗಳಾಗಿ, ಬೀದರ, ಗುಲಬರ್ಗಾ, ರಾಯಚೂರು ಹೈದರಾಬಾದ್ ಸಂಸ್ಥಾನದಿಂದ ಬಿಡಿಸಿಕೊಂಡು ಎರಡು ವರ್ಷವಾಗಿತ್ತು. ಆ ಹೊತ್ತಿಗೆ ಮಕ್ಕಳ ನಿಶ್ಶಕ್ತಿಗೆ ಇಂಗ್ಲಿಷಿನಲ್ಲಿ ಎರಡು ಹೆಸರುಗಳು ನೆಲೆಯೂರಿದ್ದವು. ಒಂದು ‘ಮರಾಸ್ಮಸ್’, ಬಾಡುವುದು ಎಂಬ ಅರ್ಥದ ಗ್ರೀಕ್ ಪದ: ಮಗು ಎಲುಬು ತೊಗಲಾಗುವ ಸ್ಥಿತಿ. ಇನ್ನೊಂದು ‘ಕ್ವಾಶಿಯೋರ್ಕರ್’: ಕಾಲು, ಮುಖ ಊದಿಕೊಂಡು, ಕೂದಲು ಬಣ್ಣಗೆಟ್ಟು, ಮಗು ಮಂಕಾಗುವ ಸ್ಥಿತಿ. ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1935ರಲ್ಲಿ ಈ ಪದವನ್ನು ವೈದ್ಯಲೋಕಕ್ಕೆ ತಂದರು. ಅಲ್ಲಿನ ಗಾ ಭಾಷೆಯಲ್ಲಿ ಅದರ ಅರ್ಥ, ಹೊಸ ಕೂಸು ಬಂದಾಗ ದೊಡ್ಡ ಕೂಸಿಗೆ ಹಿಡಿಯುವ ಕಾಯಿಲೆ. ತಾಯಿಯ ಹಾಲು ತಮ್ಮನದೋ ತಂಗಿಯದೋ ಆಗುತ್ತದೆ. ದೊಡ್ಡದಕ್ಕೆ ಬರಿಯ ಗಂಜಿ. ಗ್ರೀಕ್ ಪದ ನೋಟವನ್ನು ಹೇಳಿದರೆ, ಆಫ್ರಿಕದ ತಾಯಂದಿರ ಪದ ಮನೆಯ ಕತೆಯನ್ನೇ ಹೇಳುತ್ತಿತ್ತು.

ಇಂಗ್ಲಿಷಿಗೆ ಬಂದ ಮೇಲೆ ಆ ಕತೆ ಸವೆಯಿತು. ಕ್ವಾಶಿಯೋರ್ಕರ್ ಎಂದರೆ ಪ್ರೋಟೀನ್ ಕೊರತೆ, ಮರಾಸ್ಮಸ್ ಎಂದರೆ ಒಟ್ಟು ಊಟದ ಕೊರತೆ ಎಂದು ಪಠ್ಯಪುಸ್ತಕಗಳು ವಿಂಗಡಿಸಿದವು. ಲೋಕದಲ್ಲಿ ಪ್ರೋಟೀನ್ ಬಿಕ್ಕಟ್ಟು ಬರುತ್ತಿದೆ ಎಂದು 1968ರಲ್ಲಿ ವಿಶ್ವಸಂಸ್ಥೆಯೇ ಎಚ್ಚರಿಸಿತು. ಹೆಸರಿನಲ್ಲಿ ಪ್ರೋಟೀನ್ ಇದ್ದುದರಿಂದ ಮದ್ದೂ ಪ್ರೋಟೀನ್ ಆಯಿತು: ವಿಶೇಷ ಪುಡಿ, ವಿಶೇಷ ಬಿಸ್ಕತ್ತು.

ಹೈದರಾಬಾದಿನ ಸಂಸ್ಥೆಯನ್ನು ಆಗ ನಡೆಸುತ್ತಿದ್ದವರು ಡಾ. ಸಿ. ಗೋಪಾಲನ್. ಅವರೂ ಸಂಗಡಿಗರೂ ಸುತ್ತಲಿನ ಹಳ್ಳಿಗಳ ಮಕ್ಕಳು ತಿನ್ನುವುದನ್ನು ಕುಳಿತು ಲೆಕ್ಕ ಹಾಕಿದರು. ಕ್ವಾಶಿಯೋರ್ಕರ್ ಆದ ಮಕ್ಕಳ ಊಟಕ್ಕೂ ಮರಾಸ್ಮಸ್ ಆದವರ ಊಟಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಬ್ಬರಿಗೂ ಕಡಿಮೆಯಿದ್ದದ್ದು ಊಟವೇ. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ ಸೇರಿಸಿದ ತಿಂಡಿಯನ್ನು ಹಳ್ಳಿಯ ಮಕ್ಕಳಿಗೆ ದಿನವೂ ಕೊಟ್ಟು ನೋಡಿದರು. ಅದರಲ್ಲಿ ಸುಮಾರು 310 ಕ್ಯಾಲೊರಿ ಇತ್ತು, ಪ್ರೋಟೀನ್ ಬರೀ 3 ಗ್ರಾಂ. ಮಕ್ಕಳು ಬೆಳೆದರು. 1973ರಲ್ಲಿ ಪ್ರಕಟವಾದ ಈ ಫಲಿತಾಂಶದ ಸಾರ ಸರಳ: ಮನೆಯಲ್ಲಿ ತಿನ್ನುವ ಅನ್ನ, ಬೇಳೆ, ರೊಟ್ಟಿಯನ್ನೇ ಹೊಟ್ಟೆ ತುಂಬ ಕೊಟ್ಟರೆ ಹೆಚ್ಚಿನ ಮಕ್ಕಳ ನಿಶ್ಶಕ್ತಿ ನೀಗುತ್ತದೆ. ಮರುವರ್ಷ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಡೊನಾಲ್ಡ್ ಮೆಕ್ಲಾರೆನ್ ಇಡೀ ಪ್ರೋಟೀನ್ ಗದ್ದಲವನ್ನು ಮಹಾ ಎಡವಟ್ಟು ಎಂದು ಕರೆದರು.

ಇನ್ನೂ ದೊಡ್ಡ ಜಗಳ 1980ರ ದಶಕದಲ್ಲಿ ಬಂತು. ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ಸೆಕ್ಲರ್ ಒಂದು ಹೊಸ ಮಾತು ಚಲಾವಣೆಗೆ ತಂದರು: ‘ಸ್ಮಾಲ್ ಬಟ್ ಹೆಲ್ತಿ’, ಚಿಕ್ಕವರು, ಆದರೆ ಆರೋಗ್ಯವಂತರು. ಭಾರತದ ಬಡ ಮಕ್ಕಳಲ್ಲಿ ಬಹುಪಾಲು ಗಿಡ್ಡಗಿದ್ದಾರೆ ಅಷ್ಟೇ. ಕಡಿಮೆ ಊಟಕ್ಕೆ ದೇಹ ಹೊಂದಿಕೊಂಡಿದೆ. ಅವರನ್ನು ಅಪೌಷ್ಟಿಕರ ಲೆಕ್ಕಕ್ಕೆ ಸೇರಿಸಬೇಕಿಲ್ಲ ಎಂಬುದು ವಾದ. ಈ ಒಂದು ಮಾತನ್ನು ಒಪ್ಪಿದ್ದರೆ ಕೋಟಿಗಟ್ಟಲೆ ಮಕ್ಕಳು ಒಂದು ಹಿಡಿ ಅನ್ನ ಹೆಚ್ಚಿಗೆ ತಿನ್ನದೆಯೇ ಕಾಗದದ ಮೇಲೆ ಆರೋಗ್ಯವಂತರಾಗುತ್ತಿದ್ದರು.

ಗೋಪಾಲನ್ ಸುಮ್ಮನಿರಲಿಲ್ಲ. ಚಿಕ್ಕದಾಗಿರುವುದೇ ಆರೋಗ್ಯವಾದರೆ ಅದು ಬಡವರಿಗೆ ಮಾತ್ರ ಯಾಕೆ, ಶ್ರೀಮಂತರಿಗೆ ಯಾಕಲ್ಲ ಎಂದು 1983ರಲ್ಲಿ ಬರೆದರು. ಅದಕ್ಕೆ ಆಧಾರ ಅವರ ಹಳೆಯ ಸಂಸ್ಥೆಯಲ್ಲೇ ಇತ್ತು. ಹೈದರಾಬಾದಿನ ಅನುಕೂಲಸ್ಥ ಮನೆಗಳ ಚಿಕ್ಕಮಕ್ಕಳು ಅಮೆರಿಕದ ಮಕ್ಕಳಂತೆಯೇ ಬೆಳೆಯುತ್ತಾರೆಂದು 1976ರಲ್ಲೇ ಅಳೆದು ತೋರಿಸಿದ್ದರು. 1977ರ ಇನ್ನೊಂದು ಅಧ್ಯಯನದಲ್ಲಿ, ಒಂದೇ ಕೆಲಸ ಮಾಡುವ ಕಾರ್ಖಾನೆ ಕಾರ್ಮಿಕರಲ್ಲಿ ಮೈತೂಕ ಹೆಚ್ಚಿದ್ದವರೇ ಹೆಚ್ಚು ಸರಕು ತಯಾರಿಸುತ್ತಿದ್ದುದು ಕಂಡಿತ್ತು. ಚಿಕ್ಕ ದೇಹದ ಬೆಲೆಯನ್ನು ಕೂಲಿಯವನೇ ತೆರುತ್ತಿದ್ದ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಆರು ದೇಶಗಳ, ಚೆನ್ನಾಗಿ ಉಂಡ ಮಕ್ಕಳನ್ನು ಅಳೆದು ಇಡೀ ಲೋಕಕ್ಕೆ ಒಂದೇ ಬೆಳವಣಿಗೆಯ ಅಳತೆ ಮಾಡಿತು. ದೆಹಲಿಯ ಮಗುವೂ ನಾರ್ವೆಯ ಮಗುವೂ ಹೆಚ್ಚುಕಡಿಮೆ ಒಂದೇ ಪ್ರಕಾರ ಬೆಳೆದಿದ್ದರು.

ಈಗ ವರದಿಗಳಲ್ಲಿ ಚಾಲ್ತಿಯಲ್ಲಿರುವ ಪದಗಳು ‘ಸ್ಟಂಟಿಂಗ್’, ‘ವೇಸ್ಟಿಂಗ್’: ವಯಸ್ಸಿಗೆ ತಕ್ಕ ಎತ್ತರವಿಲ್ಲ, ಎತ್ತರಕ್ಕೆ ತಕ್ಕ ತೂಕವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರ ಕುಂಠಿತವಾದವರು ತೆಲಂಗಾಣದಲ್ಲಿ ಶೇ. 33.1, ಕರ್ನಾಟಕದಲ್ಲಿ ಶೇ. 35.4. ಅಳತೆಗೆ ಇವು ಒಳ್ಳೆಯ ಪದಗಳೇ, ಯಾವ ಊರಿನ ಮಗುವಿಗೂ ಸಲ್ಲುತ್ತವೆ.

ಕನ್ನಡದಲ್ಲಿ ಇದಕ್ಕೆ ಮೊದಲಿನಿಂದ ಒಂದು ಪದವಿದೆ. ‘ಬಡ’ ಎಂದರೆ ತೆಳ್ಳಗಿನ, ಬಲವಿಲ್ಲದ, ಹಣವಿಲ್ಲದ, ಮೂರೂ ಹೌದು. ಹಳೆಯ ಕಾವ್ಯದ ಬಡನಡು, ಒಣಗಿದ ಬಡಕಲು ಮೈ, ‘ಬಡವನ ಕೋಪ ದವಡೆಗೆ ಮೂಲ’ ಎಂಬ ಗಾದೆಯ ಬಡವ, ಎಲ್ಲ ಒಂದೇ ಬೇರಿನವು. ಜ್ವರದಿಂದ ಎದ್ದ ಮಗುವನ್ನು ನೋಡಿ ಅಜ್ಜಿಯರು ಇವತ್ತಿಗೂ ಅನ್ನುವುದು ‘ಕೂಸು ಬಡವಾಗಿದೆ’ ಎಂದೇ. ಸಿರಿವಂತರ ಮನೆಯ ಕೂಸಿಗೂ ಅದೇ ಮಾತು. ಗೋಪಾಲನ್ ಅಂಕಿಗಳಲ್ಲಿ ತೋರಿಸಬೇಕಾಗಿ ಬಂದ ನಂಟು, ಮೈಯ ಸೊರಗಿಗೂ ಮನೆಯ ಇಲ್ಲದಿಕೆಗೂ ಇರುವ ನಂಟು, ಆ ಮಾತಿನಲ್ಲಿ ಬಿಟ್ಟುಹೋಗಿಲ್ಲ.