ಕಾಲಿಲ್ಲದ ಹಕ್ಕಿ

ನ್ಯೂಗಿನಿಯ ನೈಋತ್ಯ ಭಾಗದಲ್ಲಿಯೂ ಅದರ ಸಮೀಪದ ಅರೂ ದ್ವೀಪಗಳಲ್ಲಿಯೂ ವಾಸಿಸುವ ದೊಡ್ಡ ಸ್ವರ್ಗಪಕ್ಷಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು 'ಪ್ಯಾರಡೈಸಿಯ ಅಪೊಡ'. ಅಪೊಡ ಎಂದರೆ ಕಾಲಿಲ್ಲದ್ದು. ಲ್ಯಾಟಿನ್ ಉಡುಪು ತೊಟ್ಟಿದ್ದರೂ ಈ ಶಬ್ದದ ಮೂಲ ಗ್ರೀಕ್; ಸಂಸ್ಕೃತದ 'ಅಪಾದ'ಕ್ಕೂ ಅದಕ್ಕೂ ದಾಯಾದಿತನವುಂಟು. ಆದರೆ ಈ ಹಕ್ಕಿಗೆ ಕಾಲುಗಳಿವೆ. ಕಾಗೆಯ ದೂರದ ಬಂಧುವಾದ ಅದರ ಕಾಲುಗಳು ಬಲವಾಗಿಯೇ ಇವೆ. ಹಾಗಾದರೆ ಈ ಹೆಸರು ಬಂದುದು ಹೇಗೆ?

೧೫೧೯ರಲ್ಲಿ ಮೆಗಲನ್ನನ ನಾಯಕತ್ವದಲ್ಲಿ ಸ್ಪೇನಿನಿಂದ ಹೊರಟ ಐದು ಹಡಗುಗಳಲ್ಲಿ ಭೂಮಿಯನ್ನು ಸುತ್ತಿ ೧೫೨೨ರ ಸೆಪ್ಟೆಂಬರಿನಲ್ಲಿ ಮರಳಿದುದು 'ವಿಕ್ಟೋರಿಯ' ಒಂದೇ. ಲವಂಗದ ಮೂಟೆಗಳ ಜೊತೆಗೆ ಅದರಲ್ಲಿ ಮೊಲಕ್ಕಸ್ ದ್ವೀಪಗಳ ಅರಸನೊಬ್ಬನು ಸ್ಪೇನಿನ ದೊರೆಗೆಂದು ಕೊಟ್ಟ ಸತ್ತ ಹಕ್ಕಿಗಳಿದ್ದವು. ಅದೇ ಹಡಗಿನಲ್ಲಿ ಮರಳಿದ ಪಿಗಫೆಟ್ಟ ಎಂಬ ಇಟಲಿಯವನು ತನ್ನ ಯಾತ್ರಾವೃತ್ತಾಂತದಲ್ಲಿ ಅವುಗಳನ್ನು ವರ್ಣಿಸಿ, ಕಾಲುಗಳು ಲೇಖನಿಯಷ್ಟು ಸಣ್ಣವೆಂದು ಬರೆದಿಟ್ಟನು.

ಆ ಬಳಿಕ ಯೂರೋಪಿಗೆ ಬಂದ ಚರ್ಮಗಳ ಕಥೆಯೇ ಬೇರೆ. ಬೇಟೆಗಾರರಿಗೆ ಬೇಕಾದುದು ಗರಿಯ ಸೊಬಗು ಮಾತ್ರ. ಅವರು ಕಾಲುಗಳನ್ನೂ ರೆಕ್ಕೆಗಳನ್ನೂ ಕತ್ತರಿಸಿ, ತಲೆಬುರುಡೆಯನ್ನು ತೆಗೆದು, ಒಳಗೆ ಕೋಲೊಂದನ್ನು ತೂರಿಸಿ ಹೊಗೆಯಲ್ಲಿ ಒಣಗಿಸುತ್ತಿದ್ದರು. ಸಾವಿರಾರು ಮೈಲಿ ದೂರದ ಪಂಡಿತರು ಇದನ್ನು ಕಂಡು ಕಲ್ಪನೆಯನ್ನು ಹರಿಯಬಿಟ್ಟರು: ಇದು ನೆಲಕ್ಕೆ ಇಳಿಯುವುದೇ ಇಲ್ಲ, ಇಬ್ಬನಿಯೇ ಇದರ ಆಹಾರ, ಹೆಣ್ಣು ಗಂಡಿನ ಬೆನ್ನ ಮೇಲೆಯೇ ಮೊಟ್ಟೆಯಿಡುತ್ತದೆ! ಬೆಳದಿಂಗಳನ್ನು ಕುಡಿಯುವ ಚಕೋರವನ್ನು ಬಲ್ಲ ನಮಗೆ ಇದು ಹೊಸತೇನಲ್ಲ. ಆದರೆ ನಮ್ಮವರು ಅದನ್ನು ಕವಿಸಮಯವೆಂದು ಕರೆದು ಕಾವ್ಯದಲ್ಲಿ ಇರಿಸಿದರು. ಅವರು ಇದನ್ನು ಶಾಸ್ತ್ರಗ್ರಂಥದಲ್ಲಿ ಸೇರಿಸಿದರು. ೧೫೯೯ರಲ್ಲಿ ಬೊಲೋನ್ಯದ ಅಲ್ಡ್ರೊವಾಂಡಿಯು, ಹಕ್ಕಿಯನ್ನು ಕಣ್ಣಾರೆ ಕಂಡಿದ್ದ ಪಿಗಫೆಟ್ಟನನ್ನೇ ಸುಳ್ಳುಗಾರನೆಂದನು. ಆ ಬಡಪಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಮರುನುಡಿಯುವವರು ಯಾರು?

ಕಾಲುಳ್ಳ ಹಕ್ಕಿಗಳೂ ಹಾಲೆಂಡಿಗೆ ಬಂದಿವೆಯೆಂದು ೧೬೦೫ರಲ್ಲಿ ಕ್ಲೂಸಿಯಸ್ ಪ್ರಕಟಿಸಿದನು. ಹೀಗಿದ್ದೂ ೧೫೩ ವರ್ಷಗಳ ತರುವಾಯ, ೧೭೫೮ರಲ್ಲಿ, ಲಿನೇಯಸ್ ತನ್ನ 'ಸಿಸ್ಟೆಮ ನ್ಯಾಚುರೆ'ಯ ಹತ್ತನೆಯ ಆವೃತ್ತಿಯಲ್ಲಿ ಈ ಹಕ್ಕಿಗೆ ಅಪೊಡ ಎಂದೇ ಹೆಸರಿಟ್ಟನು. ಹಳೆಯ ಕಥೆಯ ನೆನಪಿಗಾಗಿ ಇಟ್ಟನೆಂದು ಭಾವಿಸುವುದೇ ಅವನಿಗೆ ತೋರಬಹುದಾದ ಸೌಜನ್ಯ. ಪ್ರಾಣಿಗಳ ನಾಮಕರಣಕ್ಕೆ ಆ ಆವೃತ್ತಿಯೇ ಆರಂಭಬಿಂದು. ಅಲ್ಲಿಂದೀಚೆಗೆ ಮೊದಲು ಬಂದ ಹೆಸರು, ಅರ್ಥ ಒಪ್ಪಲಿ ಬಿಡಲಿ, ನಿಲ್ಲುತ್ತದೆ.

೧೮೫೭ರಲ್ಲಿ ಅರೂ ದ್ವೀಪಗಳಿಗೆ ಹೋದ ವ್ಯಾಲೇಸ್, ಅಲ್ಲಿಯ ಬೇಟೆಯನ್ನು ೧೮೬೯ರ ತನ್ನ ಗ್ರಂಥದಲ್ಲಿ ಬಣ್ಣಿಸಿದ್ದಾನೆ. ಗಂಡುಹಕ್ಕಿಗಳು ಎತ್ತರದ ಮರವೊಂದರಲ್ಲಿ ಕೂಡಿ ಗರಿಗೆದರಿ ಕುಣಿಯುತ್ತವೆ. ಎಲೆಯ ಮರೆಯಲ್ಲಿ ಅಡಗಿದ ಬೇಟೆಗಾರನು, ಗರಿಗೆ ರಕ್ತ ತಾಗದಂತೆ, ಮೊಂಡು ತುದಿಯ ಬಾಣದಿಂದ ಹೊಡೆಯುತ್ತಾನೆ. ಕೆಳಗೆ ಕಾದಿರುವ ಹುಡುಗನು ಎತ್ತಿಕೊಳ್ಳುವಾಗ ಹಕ್ಕಿಯ ಕಾಲುಗಳು ಇನ್ನೂ ಇರುತ್ತವೆ.