ಮಕ್ಕಳ ರಕ್ಷಣಾ ವ್ಯವಸ್ಥೆಯ ಮೌಲ್ಯಮಾಪನ (ಅರಸೀಕೆರೆ, ಬೇಲೂರು, ಹಳೇಬೀಡು)
ಬಾಲನ್ಯಾಯ ಕಾಯ್ದೆ, 2015ರ 55ನೇ ಕಲಮಿನಂತೆ ಸರ್ಕಾರಗಳು ಮಕ್ಕಳ ಕಲ್ಯಾಣ ಸಮಿತಿ, ಪಾಲನಾ ಸಂಸ್ಥೆಗಳ ಕೆಲಸವನ್ನು ಸ್ವತಂತ್ರವಾಗಿ ಅಳೆಯಬಹುದು. ಅಳತೆಗೋಲು ಕಾಯ್ದೆಯಲ್ಲೇ ಇದೆ: ಪೋಷಣೆ, ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು, ಸಾಮಾಜಿಕ ತನಿಖೆ 15 ದಿನದಲ್ಲಿ, ಅಂತಿಮ ಆದೇಶ 4 ತಿಂಗಳಲ್ಲಿ. ಹುಬ್ಬಳ್ಳಿ, ಬೆಂಗಳೂರು, ಮೈಸೂರು ಹಳಿಗಳು ಕೂಡುವ ಅರಸೀಕೆರೆ ಜಂಕ್ಷನ್ನಿನಲ್ಲಿ ಒಂಟಿ ಮಗು ಸಿಕ್ಕರೆ ಈ ಗಡಿಯಾರ ಓಡತೊಡಗುತ್ತದೆ. ಸಮಿತಿ ಇರುವ ಜಿಲ್ಲಾ ಕೇಂದ್ರ ಹಾಸನ ಅಲ್ಲಿಂದ ಸುಮಾರು 40 ಕಿ.ಮೀ. ದೂರ. ಪ್ರವಾಸಿಗರು ನೆರೆಯುವ ಬೇಲೂರು, ಹಳೇಬೀಡುಗಳಲ್ಲಿ ಭಿಕ್ಷಾಟನೆ, ಬಾಲದುಡಿಮೆಯ ಮೇಲೂ ಕಣ್ಣಿಡಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆಗಳ ಎಣಿಕೆ ಸುಲಭ. ಆದರೆ ಮನೆಗೆ ಮರಳಿದ ಮಗು ವರ್ಷದ ಮೇಲೂ ಶಾಲೆಯಲ್ಲಿದೆಯೇ ಎಂಬುದೇ ನಿಜವಾದ ಪರೀಕ್ಷೆ. ಅದಕ್ಕೆ ಅಂಗನವಾಡಿ, ಶಾಲಾ ಹಾಜರಿ, ಮಕ್ಕಳ ಗ್ರಾಮಸಭೆಯ ನಡಾವಳಿಗಳನ್ನು ಕೂಡಿಸಿ ಓದಬೇಕಾಗುತ್ತದೆ.